ಇ-ಸಿಗರೇಟ್ ನಿಷೇಧದ ಜಾರಿಯ ಬಗ್ಗೆ ಜನಪ್ರತಿನಿಧಿಗಳಿಗೆ ಬರೆಯಬೇಕಾಗಿದೆ: ಸಂಸದರಿಗೋ, ಶಾಸಕರಿಗೋ, ಏನೆಂದು ಕೇಳಬೇಕು?

ಪ್ರಶ್ನೆ ಕೇಳಿದವರು: ಧಾರವಾಡದ ತಾಯಿ

ಎಲ್ಲರಿಗೂ ನಮಸ್ಕಾರ.

ನನ್ನ ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾನೆ. ಯುಗಾದಿಗೆ ಊರಿಗೆ ಬಂದಾಗ, ಒಗೆಯಲು ಬಟ್ಟೆ ತೆಗೆಯುತ್ತಿದ್ದ ನನಗೆ ಅವನ ಚೀಲದಲ್ಲಿ ಒಂದು ಚಿಕ್ಕ ಸಾಧನ ಸಿಕ್ಕಿತು. ಪೆನ್‌ಡ್ರೈವ್ ಇರಬೇಕೆಂದು ಜೋಪಾನವಾಗಿ ಮೇಜಿನ ಮೇಲಿಟ್ಟೆ. ಅದರಿಂದ ಮಾವಿನ ಹಣ್ಣಿನ ಸಿಹಿ ವಾಸನೆ ಬರದೇ ಇದ್ದಿದ್ದರೆ ಇಂದಿಗೂ ನನಗೆ ವಿಷಯ ತಿಳಿಯುತ್ತಿರಲಿಲ್ಲ. ಕೇಳಿದಾಗ ಮಗ ಏನನ್ನೂ ಮುಚ್ಚಿಡಲಿಲ್ಲ. ಒಂದು ಫೋನ್ ನಂಬರಿಗೆ ಮೆಸೇಜ್ ಕಳಿಸಿದರೆ ಒಂದು ಗಂಟೆಯೊಳಗೆ ಪಿಜಿಯ ಬಾಗಿಲಿಗೇ ಬೈಕಿನಲ್ಲಿ ತಂದು ಕೊಡುತ್ತಾರೆಂದೂ, ‘ಇದರಲ್ಲಿ ನಿಕೋಟಿನ್ ಇಲ್ಲ, ಬರೀ ಫ್ಲೇವರ್ ಇದೆ, ಆದ್ದರಿಂದ ಕಾನೂನಿನ ತೊಂದರೆಯಿಲ್ಲ’ ಎಂದು ಮಾರುವವರೇ ನಂಬಿಸುತ್ತಾರೆಂದೂ ಹೇಳಿದ. ಈಗ ಅವನು ಬಿಡುವ ಪ್ರಯತ್ನದಲ್ಲಿದ್ದಾನೆ. ಅದು ನಮ್ಮ ಮನೆಯ ಮಾತು, ಅದಕ್ಕೆ ಬೇಕಾದ ಸಲಹೆಯನ್ನು ವೈದ್ಯರಿಂದ ಪಡೆಯುತ್ತಿದ್ದೇವೆ.

ನಾನಿಲ್ಲಿ ಕೇಳುತ್ತಿರುವುದು ಬೇರೆ. ಈ ವಸ್ತುವಿನ ಮಾರಾಟವನ್ನು ಕರ್ನಾಟಕ ಸರ್ಕಾರ 2016ರ ಜೂನ್ ತಿಂಗಳಲ್ಲಿಯೇ ನಿಷೇಧಿಸಿತ್ತು. 2019ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆಯೂ ಬಂತು. ಹೀಗಿರುವಾಗ ಪೇಟೆಯಿಂದ ಹಾಲಿನ ಪ್ಯಾಕೆಟ್ ತರಿಸಿದಷ್ಟು ಸುಲಭವಾಗಿ ಹತ್ತೊಂಬತ್ತು ವರ್ಷದ ಹುಡುಗನಿಗೆ ಇದು ಹೇಗೆ ಸಿಗುತ್ತಿದೆ ಎಂಬುದನ್ನು ಕೇಳುವ ಹಕ್ಕು ನನಗಿದೆ ಎಂದುಕೊಂಡು, ನಮ್ಮ ಸಂಸದರಿಗೂ ಶಾಸಕರಿಗೂ ನಾಲ್ಕು ಪುಟಗಳ ಒಂದೇ ಪತ್ರವನ್ನು ಕಳುಹಿಸಿದೆ. ಒಂದು ಕಚೇರಿಯಿಂದ ಉತ್ತರವೇ ಬರಲಿಲ್ಲ. ಇನ್ನೊಂದರಿಂದ ‘ತಮ್ಮ ಪತ್ರವನ್ನು ಮುಂದಿನ ಕ್ರಮಕ್ಕಾಗಿ ಸಂಬಂಧಪಟ್ಟ ಇಲಾಖೆಗೆ ಕಳುಹಿಸಲಾಗಿದೆ’ ಎಂಬ ಒಂದೇ ಸಾಲು ಬಂತು. ಮೊದಲು ಸಿಟ್ಟು ಬಂದಿತ್ತು. ಆಮೇಲೆ ನನ್ನ ಪತ್ರದ ಪ್ರತಿಯನ್ನು ಮತ್ತೊಮ್ಮೆ ಓದಿದಾಗ, ನಾಲ್ಕು ಪುಟದ ತುಂಬ ನನ್ನ ಸಂಕಟವಿದೆಯೇ ಹೊರತು ಅವರು ಏನು ಮಾಡಬೇಕು ಎಂಬುದು ಎಲ್ಲಿಯೂ ಇಲ್ಲವೆಂದು ಅರಿವಾಯಿತು.

ತಿಳಿದವರು ದಯವಿಟ್ಟು ಹೇಳಿ. ಇದು ಸಂಸದರ ಕೆಲಸವೋ, ಶಾಸಕರ ಕೆಲಸವೋ? ಮಾರಾಟ ನಡೆಯುತ್ತಿರುವುದು ಬೆಂಗಳೂರಿನಲ್ಲಿ, ನನ್ನ ಮತ ಇರುವುದು ಧಾರವಾಡದಲ್ಲಿ. ಹಾಗಿದ್ದರೆ ಯಾವ ಶಾಸಕರಿಗೆ ಬರೆಯಬೇಕು? ಬಹು ಮುಖ್ಯವಾಗಿ, ಅವರಿಂದ ನಾನು ಕೇಳಬೇಕಾದದ್ದು ಏನು?


ಉತ್ತರ 1: ನಿವೃತ್ತ ನೌಕರ, ಬೆಂಗಳೂರು

ಸಹೋದರಿ, ಮಗ ನಿಮ್ಮೆದುರು ಮುಚ್ಚಿಡದೆ ಮಾತಾಡಿದನೆಂಬುದನ್ನು ಓದಿ ಸಮಾಧಾನವಾಯಿತು. ಶಾಸಕಾಂಗದ ಸಚಿವಾಲಯದಲ್ಲಿ ಪ್ರಶ್ನೆಗಳನ್ನು ನೋಡಿಕೊಳ್ಳುವ ಶಾಖೆಯಲ್ಲಿ ನಾನು ಬಹಳ ವರ್ಷ ದುಡಿದವನು. ಜನರ ಪತ್ರವೊಂದು ಸದನದ ಪ್ರಶ್ನೆಯಾಗಿ ಬದಲಾಗುವುದನ್ನೂ, ಅದಕ್ಕಿಂತ ಹೆಚ್ಚಾಗಿ ಹಾಗೆ ಬದಲಾಗದೆ ಕಡತದೊಳಗೆ ಉಳಿದುಬಿಡುವುದನ್ನೂ ಹತ್ತಿರದಿಂದ ಕಂಡಿದ್ದೇನೆ. ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಪತ್ರ ಬರೆಯುವ ಮುನ್ನ ಕಾಯ್ದೆಯನ್ನೇ ಒಮ್ಮೆ ಓದಿ. ಅದು ದೊಡ್ಡದೇನಲ್ಲ, ಕೆಲವೇ ಪುಟಗಳಲ್ಲಿದೆ. 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆಯಾಗಿ ಬಂದದ್ದನ್ನು ಲೋಕಸಭೆ ನವೆಂಬರ್ 27ರಂದೂ ರಾಜ್ಯಸಭೆ ಡಿಸೆಂಬರ್ 2ರಂದೂ ಅಂಗೀಕರಿಸಿದವು. ಡಿಸೆಂಬರ್ 5ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ನಿಮ್ಮ ಮಗನಿಗೆ ಮಾರಿದವನು ಹೇಳಿದ ‘ನಿಕೋಟಿನ್ ಇಲ್ಲ’ ಎಂಬ ಮಾತಿಗೆ ಈ ಕಾಯ್ದೆಯಲ್ಲಿ ಬೆಲೆಯೇ ಇಲ್ಲ. ನಿಕೋಟಿನ್ ಇರಲಿ, ಇಲ್ಲದಿರಲಿ, ಯಾವುದಾದರೂ ಪದಾರ್ಥವನ್ನು ಬಿಸಿ ಮಾಡಿ ಒಳಗೆಳೆದುಕೊಳ್ಳಲು ಆವಿಯನ್ನು ಉಂಟುಮಾಡುವ ವಿದ್ಯುತ್ ಸಾಧನಗಳೆಲ್ಲವೂ, ಅವುಗಳ ಹೆಸರು ಮತ್ತು ಆಕಾರ ಏನೇ ಇರಲಿ, ಇ-ಹುಕ್ಕಾ ಸಹಿತವಾಗಿ, ಅದರ ವ್ಯಾಖ್ಯೆಯೊಳಗೆ ಬರುತ್ತವೆ. 4ನೇ ಕಲಂ ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ಜಾಹೀರಾತು ಇಷ್ಟನ್ನೂ ನಿಷೇಧಿಸುತ್ತದೆ. ಮೊದಲ ಅಪರಾಧಕ್ಕೆ 1 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ 3 ವರ್ಷದವರೆಗೆ ಸೆರೆವಾಸ ಮತ್ತು 5 ಲಕ್ಷದವರೆಗೆ ದಂಡ. ದಾಸ್ತಾನು ಇಡುವುದಕ್ಕೆ ಬೇರೆ ಕಲಂ ಇದೆ, ಅದಕ್ಕೆ 6 ತಿಂಗಳವರೆಗೆ ಸೆರೆವಾಸ ಅಥವಾ 50 ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯಲ್ಲದ ಯಾವುದೇ ಪೊಲೀಸ್ ಅಧಿಕಾರಿ ಶೋಧನೆ ನಡೆಸಿ ಮಾಲನ್ನು ವಶಪಡಿಸಿಕೊಳ್ಳಬಹುದು. ಹೀಗಾಗಿ ‘ಕಾನೂನು ತನ್ನಿರಿ’ ಎಂದು ಯಾರಿಗೂ ಬರೆಯಬೇಕಾಗಿಲ್ಲ. ಇರುವ ಕಾನೂನನ್ನು ಯಾರು, ಎಷ್ಟರ ಮಟ್ಟಿಗೆ ಬಳಸಿದ್ದಾರೆ ಎಂಬುದನ್ನು ಸದನದಲ್ಲಿ ಹೇಳಿಸುವುದೇ ಈಗಿನ ಕೆಲಸ.

ಇನ್ನು ಸಂಸದರೋ ಶಾಸಕರೋ ಎಂಬ ಪ್ರಶ್ನೆ. ಕಾಯ್ದೆ ಸಂಸತ್ತಿನದು, ಆದರೆ ಪೊಲೀಸ್ ಮತ್ತು ಸಾರ್ವಜನಿಕ ಆರೋಗ್ಯ ಎರಡೂ ಸಂವಿಧಾನದ ಪ್ರಕಾರ ರಾಜ್ಯಪಟ್ಟಿಯ ವಿಷಯಗಳು. ಬೆಂಗಳೂರಿನ ಒಂದು ಬಡಾವಣೆಯ ಮಾರಾಟದ ಬಗ್ಗೆ ಲೋಕಸಭೆಯಲ್ಲಿ ಕೇಳಿಸಿದರೆ, ಜಾರಿಯ ಹೊಣೆ ರಾಜ್ಯ ಸರ್ಕಾರಗಳದ್ದು ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಸಂಸದರಿಂದ ಕೇಳಿಸಬೇಕಾದದ್ದು ಕೇಂದ್ರದ ಕೈಯಲ್ಲೇ ಇರುವ ಸಂಗತಿಗಳನ್ನು. ಈ ಸಾಧನಗಳಲ್ಲಿ ಹೆಚ್ಚಿನವು ಹೊರದೇಶದಿಂದ ಬರುವಂಥವು. ಬಂದರು ಮತ್ತು ವಿಮಾನ ನಿಲ್ದಾಣಗಳಲ್ಲಿ ಸುಂಕ ಇಲಾಖೆ ಎಷ್ಟನ್ನು ತಡೆದಿದೆ, ಮಾರಾಟದ ಎಷ್ಟು ಆನ್‌ಲೈನ್ ಪುಟಗಳನ್ನು ತೆಗೆಸಲಾಗಿದೆ ಎಂಬುದಕ್ಕೆ ದೆಹಲಿಯೇ ಉತ್ತರ ಕೊಡಬೇಕು. ಉಲ್ಲಂಘನೆಯ ಬಗ್ಗೆ ಜನರೇ ನೇರವಾಗಿ ತಿಳಿಸಲೆಂದು ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ಒಂದು ಜಾಲತಾಣವನ್ನು ತೆರೆದಿದೆ. ಅದಕ್ಕೆ ಬಂದ ದೂರುಗಳೆಷ್ಟು, ಅವು ಏನಾದವು ಎಂದೂ ಕೇಳಿಸಬಹುದು. ಠಾಣೆಗಳಲ್ಲಿ ದಾಖಲಾದ ಪ್ರಕರಣ, ವಶಪಡಿಸಿಕೊಂಡ ಮಾಲು, ನ್ಯಾಯಾಲಯದಲ್ಲಿ ಆದ ಶಿಕ್ಷೆ, ಕಾಲೇಜುಗಳ ಸುತ್ತಲಿನ ತಪಾಸಣೆ ಇವೆಲ್ಲ ವಿಧಾನಸಭೆಯ ಮಾತು.

ಧಾರವಾಡದ ಶಾಸಕರು ಬೆಂಗಳೂರಿನ ಬಗ್ಗೆ ಕೇಳಬಹುದೇ ಎಂಬ ಸಂದೇಹ ಬೇಡ. ಸದಸ್ಯರು ಇಡೀ ರಾಜ್ಯದ ಬಗ್ಗೆ ಕೇಳಬಹುದು. ನೀವು ಅವರ ಮತದಾರರು ಎಂಬುದೇ ನಿಮ್ಮ ಬಲ, ಅದನ್ನು ಬಿಟ್ಟು ಪರಿಚಯವಿಲ್ಲದ ಇನ್ನೊಬ್ಬ ಶಾಸಕರ ಬಾಗಿಲಿಗೆ ಹೋಗಬೇಡಿ. ಹಲವರು ಮರೆತುಬಿಡುವ ಇನ್ನೊಂದು ದಾರಿಯೂ ಇದೆ. ನಮ್ಮ ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 7 ಮಂದಿ ಶಿಕ್ಷಕರ ಕ್ಷೇತ್ರಗಳಿಂದಲೂ 7 ಮಂದಿ ಪದವೀಧರರ ಕ್ಷೇತ್ರಗಳಿಂದಲೂ ಆರಿಸಿ ಬರುತ್ತಾರೆ. ಅಧ್ಯಾಪಕರ ಮತದಿಂದಲೇ ಗೆದ್ದು ಬಂದವರಿಗೆ ಕಾಲೇಜಿನ ಆವರಣದ ಸಮಸ್ಯೆಯನ್ನು ವಿವರಿಸಿ ಹೇಳಬೇಕಾಗುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಸದಸ್ಯರಿಗೆ ದುಃಖವನ್ನು ಮಾತ್ರ ಬರೆದರೆ ಅವರ ಆಪ್ತ ಸಹಾಯಕರು ಅದನ್ನು ಇಲಾಖೆಗೆ ರವಾನಿಸುತ್ತಾರೆ, ಏಕೆಂದರೆ ಅದರಿಂದ ಬೇರೆ ಏನು ಮಾಡಬೇಕೆಂದು ಅವರಿಗೂ ತೋಚುವುದಿಲ್ಲ. ಸದನದ ಪ್ರಶ್ನೆಯ ಒಂದು ಕರಡನ್ನೇ ಪತ್ರದ ಜೊತೆಗಿಟ್ಟರೆ ಅವರ ಅರ್ಧ ಕೆಲಸವನ್ನು ನೀವೇ ಮಾಡಿಕೊಟ್ಟಂತಾಗುತ್ತದೆ. ಪ್ರಶ್ನೆಗೆ ಅದರದ್ದೇ ನಿಯಮಗಳಿವೆ. ಲೋಕಸಭೆಯಲ್ಲಿ ಅದು ಸಾಮಾನ್ಯವಾಗಿ 150 ಪದಗಳನ್ನು ಮೀರುವಂತಿಲ್ಲ, ಅದರಲ್ಲಿ ವಾದ, ಊಹೆ, ಆರೋಪ, ವ್ಯಂಗ್ಯ ಇರಕೂಡದು, ನ್ಯಾಯಾಲಯದ ವಿಚಾರಣೆಯಲ್ಲಿರುವ ಸಂಗತಿಯನ್ನು ಎತ್ತಕೂಡದು, ಮತ್ತು ಸೂಚನೆಯನ್ನು ಕನಿಷ್ಠ 15 ದಿನ ಮುಂಚೆ ಕೊಡಬೇಕು. ದಿನಕ್ಕೆ 20 ಪ್ರಶ್ನೆಗಳಷ್ಟೇ ಚುಕ್ಕೆ ಗುರುತು ಪಡೆದು ಬಾಯಿಮಾತಿನ ಉತ್ತರಕ್ಕೆ ಬರುತ್ತವೆ. 230 ಪ್ರಶ್ನೆಗಳು ಚುಕ್ಕೆ ಗುರುತಿಲ್ಲದೆ ಲಿಖಿತ ಉತ್ತರ ಪಡೆಯುತ್ತವೆ. ಚುಕ್ಕೆ ಗುರುತು ಸಿಗಲಿಲ್ಲವೆಂದು ಬೇಸರಪಡುವವರನ್ನು ನಾನು ಬಹಳ ನೋಡಿದ್ದೇನೆ. ನಿಮ್ಮ ವಿಷಯಕ್ಕೆ ಲಿಖಿತ ಉತ್ತರವೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಂಕಿ-ಅಂಶಗಳು ಕೋಷ್ಟಕದ ರೂಪದಲ್ಲಿ ಶಾಶ್ವತವಾಗಿ ದಾಖಲೆಗೆ ಸೇರುತ್ತವೆ. ಉತ್ತರದಲ್ಲಿ ಸಚಿವರು ‘ಮಾಹಿತಿಯನ್ನು ಸಂಗ್ರಹಿಸಿ ಸದನದ ಮುಂದಿಡಲಾಗುವುದು’ ಎಂದರೆ ಅದು ಭರವಸೆ ಎನಿಸಿಕೊಳ್ಳುತ್ತದೆ. ಸಂಸತ್ತಿನಲ್ಲಿ ಅಂಥ ಭರವಸೆಯನ್ನು 3 ತಿಂಗಳೊಳಗೆ ಈಡೇರಿಸಬೇಕು. ಈಡೇರಿತೋ ಇಲ್ಲವೋ ಎಂದು ನೋಡುವುದಕ್ಕೇ ಅಲ್ಲಿಯೂ ನಮ್ಮ ವಿಧಾನಮಂಡಲದಲ್ಲಿಯೂ ಭರವಸೆಗಳ ಸಮಿತಿಗಳಿವೆ.

ಪತ್ರ ಬರೆಯುವ ಮೊದಲು ಮಾಹಿತಿ ಹಕ್ಕಿನ ಅಡಿಯಲ್ಲಿ 10 ರೂಪಾಯಿ ಕೊಟ್ಟು ಒಂದು ಅರ್ಜಿ ಹಾಕಿ, ನಿಮ್ಮ ಜಿಲ್ಲೆಯಲ್ಲಿ ಈ ಕಾಯ್ದೆಯಡಿ ದಾಖಲಾದ ಪ್ರಕರಣಗಳ ಸಂಖ್ಯೆಯನ್ನು ಕೇಳಿ. 30 ದಿನಗಳಲ್ಲಿ ಉತ್ತರ ಬರಬೇಕು. ಆ ಒಂದು ಕಾಗದವನ್ನು ಪತ್ರಕ್ಕೆ ಲಗತ್ತಿಸಿದರೆ ನಾಲ್ಕು ಪುಟಗಳು ಹೇಳಲಾರದ್ದನ್ನು ಅದು ಹೇಳುತ್ತದೆ.


ಉತ್ತರ 2: ಸಿಗರೇಟು ಬಿಟ್ಟವನು, ಮಂಗಳೂರು

ತಾಯಿಯವರ ನೋವನ್ನು ಗೌರವಿಸಿಯೇ ನಾನು ಬೇರೆಯ ಮಾತೊಂದನ್ನು ಹೇಳಬೇಕಾಗಿದೆ. ನಾನು 22 ವರ್ಷ ಸಿಗರೇಟು ಸೇದಿದವನು. ಗಮ್, ಪ್ಯಾಚ್, ಹರಕೆ ಎಲ್ಲವೂ ಆದವು. ಕೊನೆಗೆ ಕೊಲ್ಲಿ ರಾಷ್ಟ್ರವೊಂದರಲ್ಲಿ ಕೆಲಸದಲ್ಲಿದ್ದಾಗ ಇ-ಸಿಗರೇಟಿಗೆ ಬದಲಾಯಿಸಿಕೊಂಡು, ಅದರ ನಿಕೋಟಿನ್ ಪ್ರಮಾಣವನ್ನು ಹಂತ ಹಂತವಾಗಿ ತಗ್ಗಿಸಿ, ಎರಡು ವರ್ಷಗಳಲ್ಲಿ ಎರಡನ್ನೂ ಬಿಟ್ಟೆ. ಆದ್ದರಿಂದ 2019ರಲ್ಲಿ ಸುಗ್ರೀವಾಜ್ಞೆ ಬಂದಾಗ ನಾನೂ ಸಂಸದರಿಗೆ ಪತ್ರ ಬರೆದಿದ್ದೆ, ನಿಷೇಧ ಬೇಡ, ನಿಯಂತ್ರಣ ಬೇಕು ಎಂದು. ಉತ್ತರ ಬರಲಿಲ್ಲ.

ಆಗ ಬರೆದದ್ದನ್ನು ಈಗಲೂ ಹೇಳುತ್ತೇನೆ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ನಮ್ಮ ದೇಶದ ವಯಸ್ಕರಲ್ಲಿ ಶೇ 28.6ರಷ್ಟು ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಬೀಡಿ, ಸಿಗರೇಟು ಪ್ರತಿ ಬೀದಿಯಲ್ಲಿ ಕಾನೂನುಬದ್ಧವಾಗಿ ಸಿಗುತ್ತವೆ. ಅವುಗಳನ್ನು ಉಳಿಸಿಕೊಂಡು, ಹೊಗೆಯೂ ಟಾರೂ ಇಲ್ಲದ ಸಾಧನವನ್ನು ಮಾತ್ರ ಪೂರ್ತಿ ನಿಷೇಧಿಸಿದ್ದರ ಫಲವನ್ನು ತಾಯಿಯವರ ಪತ್ರವೇ ತೋರಿಸುತ್ತಿದೆ: ವಸ್ತು ಮಾಯವಾಗಲಿಲ್ಲ, ವಯಸ್ಸು ಕೇಳುವ ಅಂಗಡಿಯ ಬದಲು ವಯಸ್ಸು ಕೇಳದ ಬೈಕ್ ಸವಾರನ ಕೈಗೆ ಹೋಯಿತು. ಅದರೊಳಗಿನ ದ್ರವದಲ್ಲಿ ಏನಿದೆಯೆಂದು ಹೇಳುವವರೂ ಪರೀಕ್ಷಿಸುವವರೂ ಇಲ್ಲ. 2019ರಲ್ಲಿ ಅಮೆರಿಕದಲ್ಲಿ ಆವಿ ಸೇದಿದವರ ಶ್ವಾಸಕೋಶಕ್ಕೆ ಹಾನಿಯಾಗಿ 2020ರ ಫೆಬ್ರವರಿಯ ಹೊತ್ತಿಗೆ 68 ಜನ ಸತ್ತರು. ಅದಕ್ಕೆ ಬಲವಾದ ನಂಟಿರುವುದು ಕಾಳಸಂತೆಯ ಗಾಂಜಾ ದ್ರವಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟಿಗೆ ಎಂದು ಅಲ್ಲಿನ ಆರೋಗ್ಯ ಸಂಸ್ಥೆಯೇ ಹೇಳಿತು. ನಿಯಂತ್ರಣವಿಲ್ಲದ ದ್ರವವೇ ಅಪಾಯ ಎಂದು ನಾನು ಅದನ್ನು ಅರ್ಥಮಾಡಿಕೊಳ್ಳುತ್ತೇನೆ.

ಹದಿಹರೆಯದವರಿಗೆ ಇದು ಸಿಗಬಾರದೆಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ಜನಪ್ರತಿನಿಧಿಗಳಿಗೆ ಬರೆಯುವಾಗ ಜಾರಿಯನ್ನು ಮಾತ್ರ ಕೇಳದೆ, ಈ ಕಾಯ್ದೆಯಿಂದ ಇಷ್ಟು ವರ್ಷಗಳಲ್ಲಿ ಏನಾಯಿತೆಂಬ ಮರುಪರಿಶೀಲನೆಯನ್ನೂ ಕೇಳಿರೆಂದು ವಿನಂತಿ.


ಉತ್ತರ 3: ಕವೆಂಟ್ರಿಯ ಕನ್ನಡತಿ

ನಾನು ಇಂಗ್ಲೆಂಡಿನಲ್ಲಿ ನೆಲೆಸಿ ಹದಿನಾರು ವರ್ಷಗಳಾದವು. ಮಂಗಳೂರಿನವರು ಬಯಸುವ ವ್ಯವಸ್ಥೆಯಲ್ಲೇ ಬದುಕುತ್ತಿರುವುದರಿಂದ ಎರಡು ಮಾತು ಹೇಳುವುದು ನನ್ನ ಕರ್ತವ್ಯವೆನಿಸಿತು. ಇಲ್ಲಿ ವೇಪ್ (ಇ-ಸಿಗರೇಟಿಗೆ ಇಲ್ಲಿನ ಹೆಸರು) ಕಾನೂನುಬದ್ಧ. ದ್ರವದಲ್ಲಿ ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರುವಂತಿಲ್ಲ, ಟ್ಯಾಂಕು 2 ಮಿಲಿಲೀಟರಿಗಿಂತ ದೊಡ್ಡದಿರುವಂತಿಲ್ಲ, 18 ತುಂಬದವರಿಗೆ ಮಾರುವಂತಿಲ್ಲ. ಸಿಗರೇಟು ಬಿಡಲು ಬಯಸುವ ವಯಸ್ಕರಿಗೆ ಸರ್ಕಾರವೇ ವೇಪ್ ಕಿಟ್ ಕೊಡುವ ಯೋಜನೆಯನ್ನು 2023ರಲ್ಲಿ ಪ್ರಕಟಿಸಿತು. ಅದರಿಂದ ಸಿಗರೇಟು ಬಿಟ್ಟವರು ನನ್ನ ಸಹೋದ್ಯೋಗಿಗಳಲ್ಲೇ ಇದ್ದಾರೆ. ಆದರೂ ನನ್ನ ಮಗಳ ಶಾಲೆಯ ಶೌಚಾಲಯದಲ್ಲಿ ಹೊಗೆಯ ಬದಲು ಆವಿಯನ್ನು ಪತ್ತೆಹಚ್ಚುವ ಯಂತ್ರವನ್ನು ಕೂರಿಸಬೇಕಾಗಿ ಬಂತು. ಕ್ಯಾಂಡಿ ಬಣ್ಣದ, ಒಮ್ಮೆ ಬಳಸಿ ಎಸೆಯುವ ವೇಪುಗಳು ಎಲ್ಲಿ ನೋಡಿದರಲ್ಲಿ ಇದ್ದವು. ಕೊನೆಗೆ 2025ರ ಜೂನ್ 1ರಿಂದ ಅವುಗಳ ಮಾರಾಟವನ್ನು ದೇಶದಾದ್ಯಂತ ನಿಷೇಧಿಸಲಾಯಿತು. ಅಂದರೆ ನಿಯಂತ್ರಣವೆಂಬುದು ಒಮ್ಮೆ ಬರೆದಿಟ್ಟು ಮರೆಯುವಂಥದ್ದಲ್ಲ, ಅದಕ್ಕೂ ತಪಾಸಣೆ ಮಾಡುವ ಕೈಗಳು ಬೇಕು. ಇರುವ ನಿಷೇಧವನ್ನೇ ಜಾರಿಗೊಳಿಸಲು ಕೈಗಳು ಸಾಲದ ಕಡೆ ಸೂಕ್ಷ್ಮವಾದ ನಿಯಂತ್ರಣವನ್ನು ಯಾರು ನಡೆಸುತ್ತಾರೆ ಎಂಬುದು ನನ್ನ ಚಿಂತೆ.

ಪತ್ರದ ವಿಷಯಕ್ಕೆ ಬರುತ್ತೇನೆ. ತಂಬಾಕು ಮತ್ತು ವೇಪುಗಳ ಮಸೂದೆಯನ್ನು 2024ರ ನವೆಂಬರ್ 5ರಂದು ಇಲ್ಲಿನ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಮಂಡಿಸಿದಾಗ ನಮ್ಮ ಶಾಲೆಯ ಪೋಷಕರು ಸೇರಿ ಬರೆಯಲು ನಿರ್ಧರಿಸಿದೆವು. ಇಲ್ಲಿ ಸಂಸದರು ತಮ್ಮ ಕ್ಷೇತ್ರದವರ ಪತ್ರವನ್ನಷ್ಟೇ ಕೈಗೆತ್ತಿಕೊಳ್ಳುವ ಸಂಪ್ರದಾಯವಿದೆ, ಆದ್ದರಿಂದ ಪತ್ರದ ತಲೆಯಲ್ಲೇ ಪೂರ್ಣ ವಿಳಾಸವನ್ನೂ ಪೋಸ್ಟ್‌ಕೋಡನ್ನೂ ಬರೆಯಬೇಕು. ಮೊದಲು ನಾವು ಮೂವತ್ತು ಮಂದಿ ಒಂದೇ ಒಕ್ಕಣೆಯ ಪತ್ರಕ್ಕೆ ಹೆಸರು ಹಾಕಿ ಕಳುಹಿಸಿದೆವು, ಎಲ್ಲರಿಗೂ ಒಂದೇ ಸಿದ್ಧ ಉತ್ತರ ಬಂತು. ಎರಡನೆಯ ಸಲ ಐದೇ ಮಂದಿ, ಆದರೆ ತಮ್ಮ ತಮ್ಮ ಮಾತಿನಲ್ಲಿ, ಅಂಗಡಿಯಲ್ಲಿ ಮಿಠಾಯಿಯ ಪಕ್ಕದಲ್ಲೇ ವೇಪ್ ಜೋಡಿಸಿಡುವುದರ ಬಗ್ಗೆ ಮಾತ್ರ ಬರೆದೆವು. ಆಗ ಸಂಸದರು ಪತ್ರವನ್ನು ಸಚಿವರಿಗೆ ಕಳಿಸಿ, ಸಚಿವಾಲಯದ ಸಹಿಯಿದ್ದ ಉತ್ತರವನ್ನು ನಮಗೆ ತಲುಪಿಸಿದರು. ಮಸೂದೆಯನ್ನು ಪರಿಶೀಲಿಸುವ ಸಮಿತಿಗೆ ಸಾಮಾನ್ಯ ಪ್ರಜೆಗಳೂ ಲಿಖಿತ ಹೇಳಿಕೆ ಕೊಡಬಹುದೆಂಬುದು ನಮಗೆ ತಡವಾಗಿ ತಿಳಿಯಿತು. ಮಸೂದೆ 2025ರ ಮಾರ್ಚ್ 26ರಂದು ಕಾಮನ್ಸ್ ದಾಟಿತು. ಅದರಲ್ಲಿ ವೇಪಿನ ರುಚಿ, ಪೊಟ್ಟಣ, ಅಂಗಡಿಯಲ್ಲಿ ಪ್ರದರ್ಶನ ಇವನ್ನೆಲ್ಲ ನಿರ್ಬಂಧಿಸುವ ಅಧಿಕಾರ ಸರ್ಕಾರಕ್ಕೆ ಸಿಗುವಂತಿತ್ತು. ನಮ್ಮ ಐದು ಪತ್ರಗಳಿಂದ ಹಾಗಾಯಿತೆಂದು ನಾನು ಹೇಳುವುದಿಲ್ಲ. ಒಂದೇ ಸಂಗತಿಯನ್ನು ಹಿಡಿದು ಬರೆದಾಗ ಮಾತ್ರ ನಮಗೆ ಓದಿ ಬರೆದ ಉತ್ತರ ಸಿಕ್ಕಿತು ಎಂಬುದನ್ನು ಹೇಳುತ್ತೇನೆ.


ಉತ್ತರ 4: ಪಿರಿಯಾಪಟ್ಟಣದಿಂದ

ನಮ್ಮದು ತಂಬಾಕು ಬೆಳೆಯುವ ಮನೆ. ಈ ಚರ್ಚೆಯಲ್ಲಿ ನಮ್ಮಂಥವರು ಬಾಯಿ ಹಾಕಬಹುದೋ ಇಲ್ಲವೋ ಎಂದು ಯೋಚಿಸಿಯೇ ಬರೆಯುತ್ತಿದ್ದೇನೆ. ಜನಪ್ರತಿನಿಧಿಗಳಿಗೆ ಮಾತು ತಲುಪಿಸುವುದು ಹೇಗೆಂದು ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರರಿಗೆ ಗೊತ್ತು. ತಂಬಾಕು ಮಂಡಳಿಯ ಹರಾಜಿನಲ್ಲಿ ದರ ಕುಸಿದಾಗ ನಮ್ಮ ಹಿರಿಯರು ಒಬ್ಬೊಬ್ಬರಾಗಿ ಪತ್ರ ಬರೆಯುತ್ತಿರಲಿಲ್ಲ. ಹತ್ತು ಜನ ಸೇರಿ, ಒಂದೇ ಹಾಳೆಯಲ್ಲಿ ಆ ವಾರದ ದರ, ಹೋದ ವರ್ಷದ ದರ, ತಮ್ಮ ಖರ್ಚು ಇಷ್ಟನ್ನು ಬರೆದುಕೊಂಡು, ಸಂಸದರು ಊರಿಗೆ ಬಂದ ದಿನ ಕೈಗೇ ಕೊಟ್ಟು, ‘ಯಾವಾಗ ಕೇಳುತ್ತೀರಿ?’ ಎಂದು ನಿಂತೇ ಕೇಳುತ್ತಿದ್ದರು. ಒಂದು ವಾರ ಬಿಟ್ಟು ಫೋನ್ ಮಾಡಿ ಮತ್ತೆ ಕೇಳುತ್ತಿದ್ದರು. ಬೆಳೆಗಾರರು ತಮ್ಮ ದರಕ್ಕಾಗಿ ಇಷ್ಟು ಮಾಡಬಹುದಾದರೆ, ಮಕ್ಕಳ ತಂದೆತಾಯಂದಿರೂ ಮಾಡಬಹುದು. ಅಂಚೆಗೆ ಹಾಕಿ ಸುಮ್ಮನಾಗಬೇಡಿರಕ್ಕಾ. ಮಗನ ಕಾಲೇಜಿನ ಇನ್ನು ನಾಲ್ಕು ಪೋಷಕರನ್ನು ಜೊತೆಗೆ ಸೇರಿಸಿಕೊಳ್ಳಿ.


ಪ್ರಶ್ನೆ ಕೇಳಿದವರಿಂದ: ಧಾರವಾಡದ ತಾಯಿ

ಇಷ್ಟು ಜನ ಇಷ್ಟು ಸಮಯ ಕೊಟ್ಟು ಬರೆದದ್ದಕ್ಕೆ ನಾನು ಋಣಿ. ಮಾಹಿತಿ ಹಕ್ಕಿನ ಅರ್ಜಿಯನ್ನು ನಿನ್ನೆಯೇ ಹಾಕಿದ್ದೇನೆ. ಮಗನ ಮೂವರು ಗೆಳೆಯರ ಮನೆಯವರೊಡನೆ ಮಾತಾಡಿದೆ. ಇಬ್ಬರು ಜೊತೆಗೆ ಬರಲು ಒಪ್ಪಿದ್ದಾರೆ, ಒಬ್ಬರು ಮಗನ ಹೆಸರು ಹೊರಬರಬಹುದೆಂದು ಹೆದರಿದ್ದಾರೆ. ಅವರ ಹೆದರಿಕೆ ನನಗೆ ಅರ್ಥವಾಗುತ್ತದೆ.

ಮಂಗಳೂರಿನ ಅಣ್ಣನವರಿಗೆ ಒಂದು ಮಾತು. ನೀವು ಸಿಗರೇಟಿನಿಂದ ಬಿಡುಗಡೆ ಪಡೆದದ್ದು ನನಗೆ ನಿಜವಾಗಿಯೂ ಸಂತೋಷ ಕೊಟ್ಟಿದೆ. ಆದರೆ ನನ್ನ ಮಗ ಸಿಗರೇಟು ಬಿಡಲು ಇದನ್ನು ಹಿಡಿದವನಲ್ಲ, ಅವನು ಸಿಗರೇಟನ್ನು ಮುಟ್ಟಿದವನೇ ಅಲ್ಲ. ಇದು ಅವನಿಗೆ ಮೊದಲ ಮೆಟ್ಟಿಲಾಯಿತು. ಮರುಪರಿಶೀಲನೆ ಆಗಲಿ ಎಂದು ನೀವು ಬರೆಯಿರಿ, ಅದಕ್ಕೆ ನನ್ನ ಅಡ್ಡಿಯಿಲ್ಲ. ನನ್ನ ಪತ್ರದಲ್ಲಿ ಎರಡನ್ನೂ ಸೇರಿಸಿದರೆ ಎರಡೂ ಮಸುಕಾಗುತ್ತವೆ ಎಂದು ಕವೆಂಟ್ರಿಯವರ ಅನುಭವದಿಂದ ತಿಳಿದುಕೊಂಡೆ. ಜಾರಿಯ ಬಗ್ಗೆ ನಿಜವಾದ ಅಂಕಿಗಳು ಸದನದ ಮುಂದೆ ಬಂದರೆ ಅವು ನಿಮಗೂ ಬೇಕಾಗುತ್ತವೆ, ಅಲ್ಲವೆ?

ಶಾಸಕರಿಗೆ ಕೊಡಲು ಒಂದು ಪುಟದ ಪತ್ರವನ್ನೂ, ಜೊತೆಗೆ ಈ ಕರಡು ಪ್ರಶ್ನೆಯನ್ನೂ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿಕೊಡಿ.

‘ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ: (ಅ) 2019ರ ಇ-ಸಿಗರೇಟ್ ನಿಷೇಧ ಕಾಯ್ದೆಯಡಿ ಕಳೆದ ಮೂರು ವರ್ಷಗಳಲ್ಲಿ ರಾಜ್ಯದಲ್ಲಿ ದಾಖಲಾಗಿರುವ ಪ್ರಕರಣಗಳೆಷ್ಟು, ಸೇವನೆ ಮಾಡಿದ ವಿದ್ಯಾರ್ಥಿಗಳ ಮೇಲೆ ದಾಖಲಾದ ಪ್ರಕರಣಗಳೆಷ್ಟು? (ಜಿಲ್ಲಾವಾರು ವಿವರ ನೀಡುವುದು) (ಆ) ವಶಪಡಿಸಿಕೊಂಡ ಸಾಧನಗಳ ಸಂಖ್ಯೆ ಎಷ್ಟು. ಎಷ್ಟು ಪ್ರಕರಣಗಳಲ್ಲಿ ಶಿಕ್ಷೆಯಾಗಿದೆ? (ಇ) ಬೆಂಗಳೂರಿನಲ್ಲಿ ಮೊಬೈಲ್ ಸಂದೇಶಗಳ ಮೂಲಕ ಬೇಡಿಕೆ ಪಡೆದು ವಸತಿಗೃಹಗಳಿಗೆ ಇ-ಸಿಗರೇಟ್ ತಲುಪಿಸುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ. ಬಂದಿದ್ದಲ್ಲಿ, ತಡೆಯಲು ಕೈಗೊಂಡಿರುವ ಕ್ರಮಗಳೇನು?’


ಉತ್ತರ 5: ನಿವೃತ್ತ ನೌಕರ, ಬೆಂಗಳೂರು

ಚೆನ್ನಾಗಿದೆ, ಸಹೋದರಿ. (ಇ) ಭಾಗವನ್ನು ಯಾವ ಶಾಖೆಯವರೂ ತಿದ್ದಬೇಕಾಗಿಲ್ಲ. ಮೂರು ಬದಲಾವಣೆಗಳನ್ನು ಮಾತ್ರ ಸೂಚಿಸುತ್ತೇನೆ.

(ಅ) ಭಾಗದಲ್ಲಿ ‘ಸೇವನೆ ಮಾಡಿದ ವಿದ್ಯಾರ್ಥಿಗಳ ಮೇಲೆ’ ಎಂಬುದನ್ನು ತೆಗೆದುಬಿಡಿ. 4ನೇ ಕಲಂ ನಿಷೇಧಿಸುವ ಕೆಲಸಗಳ ಸಾಲಿನಲ್ಲಿ ಮಾರಾಟವಿದೆ, ಸಾಗಣೆಯಿದೆ, ಸೇವನೆ ಇಲ್ಲ. ಆ ಒಂದು ತಪ್ಪನ್ನು ಹಿಡಿದು ‘ಇಂಥ ಅವಕಾಶ ಕಾಯ್ದೆಯಲ್ಲಿ ಇರುವುದಿಲ್ಲ’ ಎಂದು ಉತ್ತರಿಸಿ ಉಳಿದದ್ದನ್ನು ಹಾರಿಸಬಹುದು. ಮೇಲಾಗಿ, ನಿಮ್ಮೊಡನೆ ಬರಲು ಹೆದರಿದ ಆ ತಾಯಿಗೂ ಈ ವಿಷಯವನ್ನು ತಿಳಿಸಿ. ಅದರ ಜಾಗದಲ್ಲಿ ‘ಮಾರಾಟ ಮತ್ತು ಸಾಗಣೆಗಾಗಿ ದಾಖಲಾದ ಪ್ರಕರಣಗಳೆಷ್ಟು’ ಎಂದು ಬರೆಯಿರಿ.

ಎರಡನೆಯದಾಗಿ, ಪ್ರಕರಣಗಳ ಲೆಕ್ಕ ಇರುವುದು ಪೊಲೀಸರಲ್ಲಿ. ಇಡೀ ಪ್ರಶ್ನೆಯನ್ನು ಆರೋಗ್ಯ ಸಚಿವರಿಗೆ ಕಳುಹಿಸಿದರೆ ಅದು ಇಲಾಖೆಯಿಂದ ಇಲಾಖೆಗೆ ವರ್ಗವಾಗುವುದರಲ್ಲೇ ದಿನ ಕಳೆಯುತ್ತದೆ. ಈಗಿರುವ ಮೂರೂ ಭಾಗಗಳನ್ನು ಗೃಹ ಸಚಿವರಿಗೆ ಬರೆಯಿರಿ. ಆರೋಗ್ಯ ಸಚಿವರಿಗೆ ಬೇರೆಯೇ ಒಂದು ಚಿಕ್ಕ ಪ್ರಶ್ನೆ ಸಾಕು: ಕಾಲೇಜು ಮತ್ತು ವಿದ್ಯಾರ್ಥಿ ವಸತಿಗೃಹಗಳಲ್ಲಿ ಜಿಲ್ಲಾ ತಂಬಾಕು ನಿಯಂತ್ರಣ ಕೋಶಗಳು ನಡೆಸಿದ ತಪಾಸಣೆ ಎಷ್ಟು, ಬಿಡಲು ಬಯಸುವ ವಿದ್ಯಾರ್ಥಿಗಳಿಗೆ ಕೌನ್ಸೆಲಿಂಗ್ ಎಲ್ಲೆಲ್ಲಿ ಸಿಗುತ್ತಿದೆ? 2024ರ ಫೆಬ್ರವರಿಯಲ್ಲಿ ಹುಕ್ಕಾ ಬಾರ್‌ಗಳನ್ನು ನಿಷೇಧಿಸಿ, ತಂಬಾಕು ಖರೀದಿಯ ವಯಸ್ಸನ್ನು 21ಕ್ಕೆ ಏರಿಸುವ ತಿದ್ದುಪಡಿಯನ್ನು ಇದೇ ವಿಧಾನಮಂಡಲ ಅಂಗೀಕರಿಸಿದೆ ಎಂಬುದನ್ನು ಪತ್ರದಲ್ಲಿ ಒಂದು ವಾಕ್ಯದಲ್ಲಿ ನೆನಪಿಸಿ. ತಾವೇ ಮಾಡಿದ ಕೆಲಸದ ಮುಂದಿನ ಹೆಜ್ಜೆಯೆಂದು ಸದಸ್ಯರಿಗೆ ಅನಿಸಲಿ.

ಮಂಗಳೂರಿನವರು ಕೇಳುವ ಬದಲಾವಣೆಗೆ ದಾರಿ ಬಹಳ ಉದ್ದವಿದೆ. ಸ್ವಾತಂತ್ರ್ಯಾನಂತರ ಸಂಸತ್ತಿನಲ್ಲಿ ಅಂಗೀಕಾರ ಪಡೆದ ಖಾಸಗಿ ಸದಸ್ಯರ (ಅಂದರೆ ಸಚಿವರಲ್ಲದ ಸದಸ್ಯರು ತರುವ) ಮಸೂದೆಗಳು 14 ಮಾತ್ರ, ಕೊನೆಯದು 1970ರಲ್ಲಿ. ಆದ್ದರಿಂದ ಅವರು ಒಬ್ಬ ಸಂಸದರಿಂದ ಮಸೂದೆ ತರಿಸಲು ಶ್ರಮಿಸುವುದಕ್ಕಿಂತ, ಒಬ್ಬ ಸದಸ್ಯರ ಮೇಲುಸಹಿ ಪಡೆದು ಲೋಕಸಭೆಯ ಅರ್ಜಿಗಳ ಸಮಿತಿಗೆ ಹೋಗುವುದು ಒಳ್ಳೆಯದು.

ಮೂರನೆಯದು ಸಮಯ. ಅಧಿವೇಶನ ಶುರುವಾದ ಮೇಲೆ ಶಾಸಕರನ್ನು ಕಂಡರೆ ಪ್ರಶ್ನೆಯ ಸೂಚನೆ ಕೊಡುವ ಗಡುವು ಕಳೆದುಹೋಗಿರುತ್ತದೆ. ದಿನಾಂಕ ಪತ್ರಿಕೆಯಲ್ಲಿ ಬಂದ ದಿನವೇ ಮೂವರೂ ಹೋಗಿ ಕೊಟ್ಟುಬಿಡಿ, ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.